ವಿಭೂತಿ ಹಚ್ಚಿಕೊಂಡ ಮಣ್ಣೆತ್ತು

ಅಧ್ಯಕ್ಷರು ಶಾಲೆಗೆ ದಾನ ಕೊಟ್ಟ ಅರ್ಧ ಎಕರೆಯಲ್ಲಿ ಕರಿಕೆ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ. ಅದರ ಮೂಲೆಯಲ್ಲಿ ಅವರ ಹೆಸರು ಕೆತ್ತಿಸಿದ ಕಲ್ಲು ಮಾತ್ರ ಭದ್ರವಾಗಿ ಬೇರೂರಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ಕಾಗವಾಡದ ಕಡೆಯಿಂದ ಕೃಷ್ಣಾ ಹೊಳೆಗೆ ಇಳಿಯುವ ದಾರಿಯ ಒಂದು ಊರಿನ ಹೈಸ್ಕೂಲಿಗೆ ನಾನು ಚಿತ್ರಕಲಾ ಶಿಕ್ಷಕಿಯಾಗಿ ಸೇರಿದ್ದೆ. ಶಾಲೆ ಖಾಸಗಿ ಆಡಳಿತ ಮಂಡಳಿಯದು. ಎರಡು ವರ್ಷ ದುಡಿದ ಮೇಲೆ ನನ್ನ ನೌಕರಿ ಕಾಯಂ ಆಗಬೇಕಾದರೆ ಮಂಡಳಿಯ ಅಧ್ಯಕ್ಷರ ಸಹಿ ಬೇಕು. ಆ ಅಧ್ಯಕ್ಷರೇ ಊರಿನ ದೊಡ್ಡ ಕಬ್ಬಿನ ಹೊಲದ ಧಣಿ. ಹೆಡ್‌ಮಾಸ್ತರರು ಮೊದಲ ದಿನವೇ ಇದನ್ನು ನನಗೆ ತಿಳಿಸಿ, ಎರಡನೆಯ ದಿನ ಆ ಅರ್ಧ ಎಕರೆಯನ್ನು ನನ್ನ ಕೊರಳಿಗೆ ಕಟ್ಟಿದರು. ಚಿತ್ರಕಲೆಗೆ ವಾರಕ್ಕೆ ತರಗತಿಗೊಂದೇ ಪೀರಿಯಡ್ಡು, ಉಳಿದ ಹೊತ್ತು ಅಕ್ಕೋರು ಸುಮ್ಮನೆ ಕೂತಾರಲ್ಲ ಎಂಬುದು ಅವರ ಚಿಂತೆ.

"ತ್ವಾಟ ಮಾಡಸ್ರಿ ಅಕ್ಕೋರ. ಅಧ್ಯಕ್ಷರು ಮನಸ್ಸ ಮಾಡಿ ಕೊಟ್ಟ ಭೂಮಿ ಐತಿ. ಹಸರ ಕಂಡ್ರ ಅವರಿಗೆ ಖುಷಿ ಆಗ್ತೈತಿ" ಎಂದರು.

ಆ ನೆಲ ಅಧ್ಯಕ್ಷರ ಹೊಲದ ಇಳಿಜಾರಿನ ಕಟ್ಟಕಡೆಯ ತುಂಡು. ಹೊಲ ಮುಗಿದು ಶಾಲೆ ಶುರುವಾಗುವ ಜಾಗ, ಅದರಾಚೆ ರಸ್ತೆಯ ಗಟಾರ. ಎಂಟನೆಯ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಶ್ರಾವಣದಲ್ಲಿ ಮಡಿ ಮಾಡಿದೆ. ಬದನೆ, ಮೆಂತ್ಯೆ, ಚೆಂಡುಹೂ. ಯಾವ ಮಡಿಯ ಪಕ್ಕ ಯಾವ ಬಣ್ಣ ಬರಬೇಕೆಂದು ಮಕ್ಕಳು ಮೊದಲು ಹಾಳೆಯ ಮೇಲೆ ಬಣ್ಣ ಹಚ್ಚಿದ್ದರು. ಮೆಂತ್ಯೆ ಹುಟ್ಟಿತು. ಮೂರು ವಾರದಲ್ಲಿ ಎಲೆಯ ಅಂಚು ಸುಟ್ಟಂತಾಗಿ ಮುದುಡಿತು. ಬದನೆಯ ಸಸಿ ನಿಂತಲ್ಲೇ ನಿಂತು ಹಳದಿಯಾಯಿತು. ಮಡಿಯ ಮೇಲೆ ತೆಳ್ಳಗೆ ಬಿಳಿ ಹೊದಿಕೆ ಕಾಣಿಸಿಕೊಂಡಿತು.

ಊರಿನವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ನೀರು ಸಾಲದು. ಆ ಊರಿಗೆ ನೀರೆಂದರೆ ಹೆಮ್ಮೆ. ಹೊಳೆಯಿಂದ ಪಂಪು ಎತ್ತಿದ ನೀರು ಕಬ್ಬಿನ ಸಾಲಿನಲ್ಲಿ ನಿಂತು ಮುಖ ಕಾಣಬೇಕು, ಆಗಲೇ ಹೊಲಕ್ಕೆ ನೀರು ಬಿಟ್ಟ ಸಮಾಧಾನ. ಎಲ್ಲಾದರೂ ಬಿಳಿ ಕಂಡರೆ "ತೊಳದ ಬಿಡಬೇಕ್ರಿ" ಎಂದು ಇನ್ನೊಂದು ಸುತ್ತು ನೀರು ಬಿಡುತ್ತಿದ್ದರು. ನಾನೂ ಅದನ್ನೇ ಮಾಡಿದೆ. ದಿನಕ್ಕೊಮ್ಮೆ ಹಾಕುತ್ತಿದ್ದ ನೀರನ್ನು ಎರಡು ಹೊತ್ತು ಹಾಕಿಸಿದೆ. ಮಕ್ಕಳು ಕೊಡ ಹೊತ್ತು ಹೊತ್ತು ಭುಜ ಕೆಂಪಗೆ ಮಾಡಿಕೊಂಡರು. ದೀಪಾವಳಿಗೆ ಎಲ್ಲ ಸತ್ತಿತ್ತು. ಚಳಿಗಾಲದಲ್ಲಿ ಮತ್ತೆ ಬಿತ್ತಿದೆವು, ಮತ್ತೆ ಸತ್ತಿತು. ಅಷ್ಟು ಸಸಿಗಳನ್ನು ನೀರು ಕುಡಿಸಿ ಕೊಂದವಳು ನಾನೇ ಎಂದು ಈಗ ಹೇಳಲು ನಾಚಿಕೆಯಿಲ್ಲ, ಆಗ ಗೊತ್ತಿರಲಿಲ್ಲ ಅಷ್ಟೆ.

ಮುಂದಿನ ಜೂನಿನಲ್ಲಿ ಶಾಲೆ ತೆರೆದಾಗ ಮಕ್ಕಳು ತೋಟದ ಕಡೆ ತಿರುಗಿಯೂ ನೋಡಲಿಲ್ಲ. ಅವರೀಗ ಒಂಬತ್ತನೆಯ ತರಗತಿ, ಬುದ್ಧಿ ಬಂದಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿತ್ತು. ನಮ್ಮ ಕಡೆ ಅವತ್ತು ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು ಮಾಡಿ, ಮುಂದೊಂದು ಮಣ್ಣಿನ ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಇಟ್ಟು, ಅದರಲ್ಲಿ ನಾಲ್ಕು ಕಾಳು ಹಾಕಿ ಪೂಜಿಸುತ್ತಾರೆ. ಚಿತ್ರಕಲೆಯ ಪೀರಿಯಡ್ಡಿನಲ್ಲಿ ಎತ್ತು ಮಾಡಿಸೋಣ ಎಂದುಕೊಂಡೆ. ಕುಂಬಾರರ ಮಣ್ಣು ಬೇಡ, ಒಬ್ಬೊಬ್ಬರೂ ನಿಮ್ಮ ಹೊಲದ ಮಣ್ಣು ತನ್ನಿ, ಬಣ್ಣ ಬೇರೆ ಬೇರೆ ಇರುತ್ತದೆ ಎಂದೆ.

ಮುಂದಿನ ಸಾಲಿನಲ್ಲಿ ಕೂರುವ ಒಬ್ಬ ಹುಡುಗಿ ಎದ್ದು ನಿಂತಳು. "ನಮಗ ಹೊಲಾ ಇಲ್ರಿ ಅಕ್ಕೋರ. ನಾ ಎಲ್ಲಿ ಮಣ್ಣ ತರ್ಲಿ?"

ರಾಯಬಾಗದ ಕಡೆ ಕಬ್ಬಿನ ಸಾಲಿನಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು ನನ್ನವ್ವ. ಹೊಲವಿಲ್ಲದ ಮನೆಯಿಂದ ಬಂದು ಇಂಥ ಮಾತನ್ನು ಯೋಚಿಸದೆ ಆಡಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. "ನಿಮ್ಮವ್ವ ಎಲ್ಲಿ ದುಡೀತಾಳ?" ಎಂದು ಕೇಳಿದೆ.

"ಅಧ್ಯಕ್ಷರ ಹೊಲದಾಗ್ರಿ."

"ಹಂಗಾರ ಆ ಮಣ್ಣ ತಾ. ದುಡದವರದೂ ಹೊಲನ."

ಎತ್ತುಗಳು ತಯಾರಾದವು. ಗುಲಗಂಜಿಯ ಕಣ್ಣು, ಜೋಳದ ದಂಟಿನ ನೊಗ. ಒಂದೊಂದು ಜೊತೆಯನ್ನು ಪೂಜೆಗೆ ಮನೆಗೆ ಒಯ್ದರು, ಒಂದೊಂದನ್ನು ತರಗತಿಯಲ್ಲಿ ಬಿಟ್ಟರು. ಅವುಗಳನ್ನು ಕಿಟಕಿಯ ಉದ್ದನೆಯ ಕಟ್ಟೆಯ ಮೇಲೆ ಊರಿನ ಹೊಲಗಳು ಇರುವ ಕ್ರಮದಲ್ಲೇ ನಿಲ್ಲಿಸಿದೆವು: ಎಡಕ್ಕೆ ಮೇಲಿನ ಹೊಲ, ಬಲಕ್ಕೆ ಹೊಳೆಯ ಕಡೆಯ ಕೆಳಗಿನ ಹೊಲ. ಅದೊಂದು ಆಟವಾಗಿತ್ತು, ನನಗೆ ಬೇರೆ ಉದ್ದೇಶವಿರಲಿಲ್ಲ. ನಾಲ್ಕನೆಯ ದಿನ ಬಾಗಿಲು ತೆಗೆದರೆ ಬಲಗಡೆಯ ಎತ್ತುಗಳ ಬೆನ್ನು, ಕೊಂಬು, ಹಣೆ ಎಲ್ಲ ಬೆಳ್ಳಗಾಗಿದ್ದವು. ಎಡಗಡೆಯವು ಕಪ್ಪಗೆ ಹಾಗೇ ಇದ್ದವು. ಎಲ್ಲಕ್ಕಿಂತ ಬೆಳ್ಳಗಾದದ್ದು ಆ ಹುಡುಗಿ ಅಧ್ಯಕ್ಷರ ಹೊಲದ ಮಣ್ಣಿನಿಂದ ಮಾಡಿದ ಎತ್ತು.

ಕಸ ಗುಡಿಸಲು ಬಂದ ಅಜ್ಜಿ ಅದನ್ನು ನೋಡಿದ್ದೇ ಪೊರಕೆ ಬಿಟ್ಟು ಕೈಮುಗಿದಳು. "ಯವ್ವಾ, ಬಸವಣ್ಣ ವಿಭೂತಿ ಹಚ್ಕೊಂಡಾನ ನೋಡ್ರಿ!"

ಸಂಜೆಯೊಳಗೆ ಊರಿಗೆ ಊರೇ ಶಾಲೆಯ ಕಿಟಕಿಗೆ ಬಂತು. ಕುಂಕುಮ, ಊದಿನಕಡ್ಡಿ, ಕಾಯಿ. ಮನೆಯಲ್ಲಿ ಪೂಜಿಸಿದ ಎತ್ತುಗಳನ್ನು ನೋಡಿಕೊಂಡು ಬಂದು "ನಮ್ಮದೂ ಹಚ್ಕೊಂಡೈತಿ" ಎಂದು ಕೆಳಗಿನ ಹೊಲದವರು ಎದೆ ಉಬ್ಬಿಸಿದರು. ಮೇಲಿನ ಹೊಲದವರ ಮುಖ ಸಣ್ಣಗಾಯಿತು. ಮರುದಿನ ಖುದ್ದು ಅಧ್ಯಕ್ಷರು ಬಂದರು. ತಮ್ಮ ಹೊಲದ ಎತ್ತನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಗಟ್ಟಿ ಮನುಷ್ಯ, ಆದರೆ ಕಣ್ಣಲ್ಲಿ ನೀರಿತ್ತು. ಅದು ನಾಟಕವಾಗಿರಲಿಲ್ಲ.

"ಶ್ರಾವಣದ ಮೊದಲ ಸೋಮವಾರ ಶಾಲ್ಯಾಗ ಪೂಜಾ ಇಟ್ಕೊಳ್ಳೂಣು. ಎರಡ ವರ್ಷ ಕಾಯೂದ ಬ್ಯಾಡ, ಈ ಎತ್ತ ಮಾಡಿಸಿದ ಅಕ್ಕೋರ ಕಾಯಂ ಕಾಗದಕ್ಕ ಅವತ್ತ ಸಹಿ ಮಾಡ್ತೇನಿ" ಎಂದರು. ಹೆಡ್‌ಮಾಸ್ತರರು ನನ್ನ ಕಡೆ ನೋಡಿ ನಕ್ಕರು.

ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ತೋಟದ ಮಡಿಯ ಮೇಲೆ ಕಂಡ ಬಿಳಿಯೂ ಇದೇ ಬಿಳಿ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಐದಾರು ಎತ್ತುಗಳನ್ನೂ ತೋಟದ ಮಣ್ಣನ್ನೂ ಕಾಗದದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಅಥಣಿಗೆ ಹೋದೆ. ಅಲ್ಲಿಯ ಕೃಷಿ ಇಲಾಖೆಯ ಕಚೇರಿಯಲ್ಲಿ ಸಹಾಯಕನೊಬ್ಬ ಎತ್ತಿನ ಬೆನ್ನನ್ನು ಬೆರಳಿನಿಂದ ಸವರಿ, ನಾಲಿಗೆಗೆ ಹಚ್ಚಿಕೊಂಡು, ಪಕ್ಕಕ್ಕೆ ಉಗುಳಿದ.

"ಪಕ್ಕಾ ಸವಳ್ರಿ ಅಕ್ಕೋರ. ಉಪ್ಪ ಇದು. ಭೂಮಿ ಒಳಗ ನೀರ ತುಂಬಿ ಮ್ಯಾಲೆ ಬಂದೈತಿ. ನೀರಿನ ಜೋಡಿ ಉಪ್ಪ ಬರ್ತೈತಿ, ನೀರ ಆರಿ ಹೋಗ್ತೈತಿ, ಉಪ್ಪ ಉಳೀತೈತಿ. ನೀವು ಮ್ಯಾಲಿಂದ ನೀರ ಹಾಕಿದಷ್ಟೂ ಅದು ಮ್ಯಾಲೆ ಬರೂದ."

"ತೊಳದ್ರ?"

"ತೊಳದ ನೀರ ಹೊರಗ ಹೋಗಾಕ ದಾರಿ ಎಲ್ಲೈತ್ರಿ? ಮದ್ಲ ಒಂದ ತೆಗ್ಗ ತಗದ ನೋಡ್ರಿ. ಎಷ್ಟ ಕೆಳಗ ನೀರ ಸಿಗ್ತೈತಿ ಅಂತ ಮಕ್ಕಳಿಗೇ ಅಳೀಲಿಕ್ಕೆ ಹೇಳ್ರಿ."

ಅಥಣಿಯಿಂದ ಬಂದ ಸೋಮವಾರವೇ ತೋಟದ ನಡುವೆ ಗುಂಡಿ ತೋಡಿದೆವು. ಮೊಣಕಾಲ ಆಳಕ್ಕೆ ಹೋಗುವ ಮೊದಲೇ ಗುದ್ದಲಿಯ ಗುರುತಿನಲ್ಲಿ ನೀರು ಜಿನುಗಿತು. ಕಳೆದ ಇಡೀ ವರ್ಷ ನಾವು ನೀರಿನ ಮೇಲೆ ನಿಂತು ನೀರು ಹೊತ್ತಿದ್ದೆವು. ಮಕ್ಕಳು ಮೊದಲು ನಕ್ಕರು, ಆಮೇಲೆ ತಮ್ಮ ಭುಜ ಮುಟ್ಟಿ ನೋಡಿಕೊಂಡರು. ಒಂದು ಬಿದಿರಿನ ಗಳಕ್ಕೆ ಗೇಣು ಗೇಣಿಗೂ ಕೆಮ್ಮಣ್ಣು, ಸುಣ್ಣ, ಅರಿಸಿನದ ಪಟ್ಟೆ ಬಳಿದು ಗುಂಡಿಯಲ್ಲಿ ನಿಲ್ಲಿಸಿದೆವು. ದಿನಾ ಒಬ್ಬರು ಬಂದು ನೀರು ಯಾವ ಬಣ್ಣದ ಮೇಲಿದೆ ಎಂದು ನೋಡಿ ಗುಂಡಿಯ ಚಿತ್ರ ಬರೆಯುವುದು. ಅಧ್ಯಕ್ಷರ ಹೊಲಕ್ಕೆ ನೀರು ಬಿಟ್ಟ ಮರುದಿನ ನಮ್ಮ ಗುಂಡಿಯಲ್ಲಿ ನೀರು ಒಂದು ಪಟ್ಟೆ ಏರುತ್ತಿತ್ತು. ಒಂದರ ಪಕ್ಕ ಒಂದು ಚಿತ್ರ ಅಂಟಿಸಿದಾಗ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಹೆಡ್‌ಮಾಸ್ತರರಿಗೆ ವಿಷಯ ಹೇಳಿದೆ. ಅವರು ಬಾಗಿಲು ಮುಂದಕ್ಕೆಳೆದು ದನಿ ತಗ್ಗಿಸಿದರು. "ಅಕ್ಕೋರ, ನಾ ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ. ಪೂಜಾದ ಸೋಮವಾರ ಸಹಿ ಆಗ್ಲಿ. ಮಂಗಳವಾರದಿಂದ ಉಪ್ಪರೆ ಅನ್ರಿ, ಸಕ್ಕರಿಯರೆ ಅನ್ರಿ."

ಕೆಟ್ಟ ಸಲಹೆಯೇನಲ್ಲ. ಕೇಳಿಬಿಡೋಣ ಎಂದೂ ಅನ್ನಿಸಿತು. ಅವ್ವನ ಬೆನ್ನು ಆಗಲೇ ಬಾಗಿತ್ತು, ನನ್ನ ನೌಕರಿ ಕಾಯಂ ಆದರೆ ಅವಳು ಹೊಲ ಬಿಟ್ಟು ನನ್ನ ಜೊತೆ ಇರಬಹುದಿತ್ತು. ಆದರೆ ಪೂಜೆಯ ಹಿಂದಿನ ಶನಿವಾರ ಎತ್ತುಗಳನ್ನು ಒರೆಸಿ ಇಡುವಾಗ ಆ ಹುಡುಗಿ ನನ್ನನ್ನು ಕೇಳಿದಳು: "ಅಕ್ಕೋರ, ಸೋಮವಾರ ಯಾರರ ಕೇಳಿದ್ರ ನಾವು ವಿಭೂತಿ ಅನಬೇಕೋ, ಉಪ್ಪ ಅನಬೇಕೋ?"

ಕೊಂಕಿನಿಂದ ಕೇಳಿದ್ದಲ್ಲ. ಅವಳಿಗೆ ಉತ್ತರ ಬೇಕಿತ್ತು, ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂದು ಕೇಳುವ ಹಾಗೆ. ನಾನು ಏನೋ ಕೆಲಸ ನೆನಪಾದವಳಂತೆ ಹೊರಗೆ ಹೋದೆ. ಗುಂಡಿಯ ಹತ್ತಿರ ನಿಂತು ನನಗೆ ನಾನೇ ಬೈದುಕೊಂಡೆ. ಒಳಗೆ ಬಂದು "ಉಪ್ಪ ಅನಬೇಕು. ಮದ್ಲ ನಾ ಅಂತೇನಿ, ಆಮ್ಯಾಲೆ ನೀವು" ಎಂದೆ.

ಸೋಮವಾರ ಅಂಗಳದಲ್ಲಿ ಪೆಂಡಾಲು, ಮೇಜಿನ ಮೇಲೆ ಹೂವಿನ ನಡುವೆ ಬಿಳಿ ಎತ್ತುಗಳು. ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಅವರ ಮುದಿ ತಾಯಿ. ಮಕ್ಕಳ ಕಲೆಯ ಬಗ್ಗೆ ಎರಡು ಮಾತು ಆಡಿ ಎಂದು ನನ್ನನ್ನು ಕರೆದರು. ಮಕ್ಕಳು ಗುಂಡಿಯ ಚಿತ್ರಗಳನ್ನು ಅಂಟಿಸಿದ ಉದ್ದನೆಯ ಕಾಗದದ ಸುರುಳಿಯನ್ನು ಇಬ್ಬರ ಕೈಯಲ್ಲಿ ಬಿಚ್ಚಿ ಹಿಡಿಸಿದೆ. ಎಲ್ಲಿಂದ ಮಣ್ಣು ಬಂತು, ಯಾವ ಎತ್ತು ಬೆಳ್ಳಗಾಯಿತು, ಯಾವುದು ಆಗಲಿಲ್ಲ, ಗುಂಡಿಯಲ್ಲಿ ನೀರು ಎಷ್ಟು ಮೇಲಿದೆ, ಅಥಣಿಯಲ್ಲಿ ಏನೆಂದರು, ಒಂದೊಂದೇ ಹೇಳಿದೆ. ಕೊನೆಗೆ "ಇದು ವಿಭೂತಿ ಅಲ್ಲ, ಉಪ್ಪು. ನಂಬಿಕೆ ಇಲ್ಲದವರು ನಾಲಿಗಿಗೆ ಹಚ್ಚಿ ನೋಡಬಹುದು" ಎಂದು ಅಧ್ಯಕ್ಷರ ಎತ್ತಿನ ಬೆನ್ನಿನ ಪುಡಿಯನ್ನು ನನ್ನ ನಾಲಿಗೆಗೆ ಹಚ್ಚಿಕೊಂಡೆ. ಹಿಂದೆಯೇ ಆ ಹುಡುಗಿ ಬಂದು ಹಚ್ಚಿಕೊಂಡು "ಉಪ್ಪೈತ್ರಿ, ಒಂಚೂರ ಕಹಿ ಐತ್ರಿ" ಎಂದಳು.

ಗದ್ದಲವೆದ್ದಿತು. ಅಧ್ಯಕ್ಷರ ತಾಯಿ ಕೈ ಚಾಚಿದಳು. ಯಾರೂ ಬೇಡವೆನ್ನುವ ಮೊದಲೇ ಪುಡಿಯನ್ನು ಬಾಯಿಗೆ ಹಾಕಿಕೊಂಡು ಹಲ್ಲಿಲ್ಲದ ವಸಡು ಆಡಿಸಿದಳು. "ಖರೇನ ಉಪ್ಪ. ಎತ್ತಿಗೆ ನಾವು ಉಪ್ಪ ತಿನಸೂದ ಕೇಳೇನಿ, ಎತ್ತ ನಮಗ ತಿನಸೂದ ಇವತ್ತ ನೋಡಿದೆ" ಎಂದು ನಕ್ಕಳು. ಹಿಂದಿನಿಂದ ಯಾರೋ ನಕ್ಕರು. ಆ ನಗು ಅಧ್ಯಕ್ಷರಿಗೆ ಬಡಿಯಿತು.

"ಕಳೆ ತಗಿಯೋರ ಮಗಳು ನಮಗ ಮಣ್ಣಿನ ಪಾಠ ಕಲಿಸಾಕ ಬಂದಾಳ" ಎಂದರು, ನನ್ನ ಕಡೆ ಕೈ ತೋರಿಸಿ, ಎಲ್ಲರಿಗೂ ಕೇಳುವಂತೆ.

ನನ್ನವ್ವ ಏನು ಕೆಲಸ ಮಾಡುತ್ತಾಳೆಂಬುದು ಊರಿಗೆಲ್ಲ ಗೊತ್ತಿತ್ತು. "ಹೌದ್ರಿ. ಕಳೆ ತಗಿಯೋರು ಮಣ್ಣಿನ ಹತ್ತಿರ ಕುಂತ ನೋಡ್ತಾರ. ನೀವು ಬದುವಿನ ಮ್ಯಾಲ ನಿಂತ ನೋಡ್ತೀರಿ" ಎಂದೆ.

ಅವತ್ತು ಸಹಿ ಆಗಲಿಲ್ಲ. ಮರುದಿನ ಹೆಡ್‌ಮಾಸ್ತರರು ಒಂದು ಕಾಗದ ತಂದು ಮುಂದಿಟ್ಟರು. ಮಣ್ಣಿನಲ್ಲಿ ನಾನೇ ಉಪ್ಪು ಕಲಸಿದ್ದೆ, ತಪ್ಪಾಯಿತು ಎಂದು ನಾನು ಒಪ್ಪಿಕೊಂಡಂತೆ ಬರೆದಿತ್ತು. ಸಹಿ ಹಾಕಿದರೆ ಕಾಯಂ, ಇಲ್ಲದಿದ್ದರೆ ಇನ್ನೊಂದು ವರ್ಷ ಹೀಗೇ, ಆಮೇಲೆ ಮನೆಗೆ. ನಾನು ಆ ಕಾಗದದ ಹಿಂದಿನ ಖಾಲಿ ಬದಿಯಲ್ಲಿ ತೋಟದ ನಕ್ಷೆ ಬರೆದು, ನೀರು ಹೊರಹೋಗಲು ಕಾಲುವೆ ತೋಡಬೇಕಾದ ಗೆರೆ ಎಳೆದು, ಅವರಿಗೇ ವಾಪಸು ಕೊಟ್ಟೆ. ಅವರು ಪಾಪ, ಅದನ್ನು ಯಾವ ಬದಿಯಿಂದ ಅಧ್ಯಕ್ಷರಿಗೆ ತೋರಿಸಿದರೋ ತಿಳಿಯದು.

ಒಂದು ವಾರ ಆ ಹುಡುಗಿಯ ಅವ್ವನನ್ನು ಹೊಲದ ಕೆಲಸಕ್ಕೆ ಕರೆಯಲಿಲ್ಲ. ಎರಡನೆಯ ವಾರವೂ ಕರೆಯಲಿಲ್ಲ. ನಾನು ಅವರ ಮನೆಗೆ ಹೋಗಿ ತಪ್ಪು ನನ್ನದು ಎಂದೆ. ಅವಳು ನನ್ನನ್ನು ಚಾಪೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. "ಸುಮ್ನಿರ್ರಿ ಅಕ್ಕೋರ. ನಾ ಹನ್ನೆರಡ ಊರಿನ ಹೊಲಾ ನೋಡೇನಿ, ಇಲ್ಲಿ ಕರೀಲಿಲ್ಲಂದ್ರ ಅಲ್ಲಿ ಹೋಗ್ತೇನಿ. ಕಾಲಿವಿ ಎಂದ ತೋಡ್ತೀರಿ ಅದನ್ನ ಹೇಳ್ರಿ."

ರಸ್ತೆಯ ಗಟಾರಕ್ಕೆ ಹತ್ತಿರದ ದಾರಿ ಅಧ್ಯಕ್ಷರ ಗಾಡಿಗಳು ಹೊಲಕ್ಕೆ ಇಳಿಯುವ ಏರಿಯ ಕೆಳಗಿತ್ತು. ಅಲ್ಲೊಂದು ಕೊಳವೆ ಹಾಕಲು ಕೇಳಿದೆವು, ಆಗದು ಎಂದರು. ಸರಿ, ಶಾಲೆಯ ಹಿಂಬದಿಯಿಂದ ಸುತ್ತಿಕೊಂಡು ಹೋಗುವ ದಾರಿ ಹಿಡಿದೆವು. ಮೂರುಪಟ್ಟು ಉದ್ದ. ಆಳ ಸೊಂಟದವರೆಗೆ, ಮೇಲೆ ಅಗಲ, ಕೆಳಗೆ ಕಿರಿದು. ಇಳಿಜಾರು ಸರಿಯಿದೆಯೇ ಎಂದು ನೋಡಲು ನೀರು ತುಂಬಿದ ಸಪೂರ ಪಾರದರ್ಶಕ ಕೊಳವೆಯ ಎರಡು ತುದಿ ಹಿಡಿದು ಮಕ್ಕಳು ಓಡಾಡಿದರು. ಆ ಹುಡುಗಿಯ ಅವ್ವ ಸಂಜೆ ಕೆಲಸ ಮುಗಿಸಿ ಬಂದು, ಗುದ್ದಲಿ ಹಿಡಿದು ಒದ್ದಾಡುತ್ತಿದ್ದ ಶ್ರೀಮಂತರ ಮನೆಯ ಹುಡುಗರಿಗೆ "ಬೆನ್ನ ಬಗ್ಗಸಬ್ಯಾಡ್ರಿ, ಮೊಣಕಾಲ ಬಗ್ಗಸ್ರಿ" ಎಂದು ಕಲಿಸಿದಳು. ಎರಡು ಬಾರಿ ದಂಡೆ ಕುಸಿಯಿತು. ಒಂದು ಮುಂಜಾನೆ ಬಂದು ನೋಡಿದರೆ ಯಾರೋ ಕಾಲುವೆಯ ಬಾಯಿಗೆ ಕಬ್ಬಿನ ಒಣಗರಿ, ರವದಿ, ತುಂಬಿ ಮುಚ್ಚಿದ್ದರು. ಯಾರೆಂದು ನಾನು ವಿಚಾರಿಸಲಿಲ್ಲ. ಮಕ್ಕಳು ರವದಿ ಎಳೆದು ತೆಗೆದು ಅದನ್ನೇ ಮಡಿಗಳ ಮೇಲೆ ಹೊದಿಸಿದರು.

ಹಿಂಗಾರಿ ಮಳೆ ಬಂದಾಗ ಕಾಲುವೆಯಲ್ಲಿ ನೀರು ಹರಿದು ಗಟಾರಕ್ಕೆ ಬಿತ್ತು. ಬಿದಿರಿನ ಗಳದ ಮೇಲೆ ನೀರು ಒಂದು ಪಟ್ಟೆ ಇಳಿಯಿತು, ಆಮೇಲೆ ಇನ್ನೊಂದು. ಅಥಣಿಯ ಸಹಾಯಕ ಹೇಳಿದಂತೆ ಡಯಂಚಾ ಎಂಬ ಹಸಿರುಗೊಬ್ಬರದ ಬೆಳೆ ಬಿತ್ತಿ, ಹೂವಾಡುವ ಮೊದಲು ಕಡಿದು ಮಣ್ಣಿಗೆ ಮುಚ್ಚಿದೆವು. ಮಾಘದಲ್ಲಿ ಹಾಕಿದ ಪಾಲಕ ಬದುಕಿತು. ಒಂದೇ ಮಡಿ, ಅದೂ ಒಂದು ಮೂಲೆಯಲ್ಲಿ. ಅದರ ಚಿತ್ರ ಬರೆದವರು ಎಲ್ಲರೂ ಎಲೆಗಳನ್ನು ಇರುವುದಕ್ಕಿಂತ ದೊಡ್ಡದಾಗಿ ಬರೆದರು, ನಾನು ತಿದ್ದಲಿಲ್ಲ.

ಮತ್ತೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಈ ಸಲ ತೋಟದ ಮಣ್ಣಿನಿಂದ ಎತ್ತು ಮಾಡಿ ಕಟ್ಟೆಯ ಮೇಲಿಟ್ಟೆವು. ಮರುದಿನ ಅಧ್ಯಕ್ಷರು ಒಬ್ಬರೇ ಬಂದರು. ಕೈಯಲ್ಲಿ ಟವೆಲ್ಲಿನ ಗಂಟು. ಆ ವರ್ಷ ಅವರ ಕಬ್ಬು ನಡುಹೊಲದವರೆಗೆ ಹಳದಿ ತಿರುಗಿದ್ದನ್ನು ಊರೆಲ್ಲ ನೋಡಿತ್ತು.

"ಇದರದೂ ಒಂದ ಎತ್ತ ಮಾಡಸ್ರಿ" ಎಂದರು.

"ಮಾಡಸೂದಿಲ್ರಿ. ನೀವ ಮಾಡ್ರಿ" ಎಂದೆ.

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ. ಕೊನೆಗೆ ಪಡಸಾಲೆಯಲ್ಲಿ ಮಕ್ಕಳ ನಡುವೆ ಕೂತು, ಅಂಗಿಯ ತೋಳು ಮಡಚಿ ಮಣ್ಣು ಕಲಸಿದರು. ಒಂದು ಕಾಲು ಗಿಡ್ಡವಾಯಿತು. ನಾಲ್ಕನೆಯ ದಿನ ಅವರು ಮತ್ತೆ ಬಂದಾಗ ತೋಟದ ಎತ್ತುಗಳ ಕೊಂಬಿನ ತುದಿಯಲ್ಲಷ್ಟೇ ತೆಳ್ಳನೆಯ ಬಿಳಿ ಇತ್ತು, ಅವರ ಎತ್ತು ಗೊರಸಿನಿಂದ ಕೊಂಬಿನವರೆಗೆ ಬೆಳ್ಳಗಿತ್ತು. ಅವರದನ್ನು ನಾಲಿಗೆಗೆ ಹಚ್ಚಿಕೊಳ್ಳಲು ಯಾರೂ ಹೇಳಲಿಲ್ಲ. ಅವರೇ ಹಚ್ಚಿಕೊಂಡರು.

ಅವರ ಹೊಲದ ನೀರು ಹೊರಗೆ ಹೋಗಬೇಕಾದರೆ ಇಳಿಜಾರಿನ ತುದಿಯಲ್ಲಿರುವ ನಮ್ಮ ಅರ್ಧ ಎಕರೆಯನ್ನು ದಾಟಿ ನಮ್ಮ ಕಾಲುವೆಗೇ ಬೀಳಬೇಕು; ಏರಿಯ ಕೆಳಗಿನ ದಾರಿಗೂ ಮೊದಲು ನಮ್ಮ ನೆಲವನ್ನೇ ದಾಟಬೇಕು, ಬೇರೆ ದಾರಿಯಿಲ್ಲ. ಅವರು ಬಂದದ್ದು ಅದಕ್ಕೇ. ನಾನು ಕಾಗದ, ಪೆನ್ನು ಮುಂದಿಟ್ಟೆ. "ಬರದ ಕೊಡ್ರಿ. ನಾ ಸಹಿ ಮಾಡ್ಬೇಕಂತ ನೀವು ಕಾಗದ ಬರದ ಕಳಸಿದ್ರಿ, ನನಗ ನೆನಪೈತಿ" ಎಂದೆ. ಅವರು ಪೆನ್ನನ್ನು ಒಮ್ಮೆ ಪಕ್ಕಕ್ಕೆ ಸರಿಸಿದರು. ಆದರೆ ಬರೆದರು: ನನ್ನ ಹೊಲದ ಮಣ್ಣಿನಲ್ಲಿ ಉಪ್ಪಿದೆ, ಶಾಲೆಯ ಕಾಲುವೆಗೆ ನೀರು ಬಿಡಲು ಅನುಮತಿ ಬೇಕು. ನನ್ನ ಕಾಯಂ ಕಾಗದಕ್ಕೂ ಅದೇ ವಾರ ಸಹಿ ಬಿತ್ತು. ಅದಕ್ಕಾಗಿ ನಾನು ಅವರಿಗೆ ಕೃತಜ್ಞತೆ ಹೇಳಲಿಲ್ಲ, ಇವತ್ತಿಗೂ ಹೇಳಬೇಕೆನ್ನಿಸಿಲ್ಲ.

ತೋಟದ ವಿಷಯ ಮಕ್ಕಳೇ ತೀರ್ಮಾನಿಸುವ ಪದ್ಧತಿ ಅಷ್ಟರಲ್ಲಿ ಬಂದಿತ್ತು. ಅಧ್ಯಕ್ಷರು ಅಲ್ಲೇ ಇರುವಾಗಲೇ ಅರ್ಜಿಯನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಅವಳು ಎದ್ದು ನಿಂತು ಎಲ್ಲರಿಗೂ ಓದಿ ಹೇಳಿದಳು. ಆಮೇಲೆ ಅಧ್ಯಕ್ಷರ ಕಡೆ ತಿರುಗಿದಳು.

"ಕಾಲಿವಿ ಯಾರ ಕಡೀತಾರ್ರಿ?"

"ಆಳ ಹಚ್ತೇನಿ, ತಂಗಿ."

"ಇಲ್ಲಿ ಹೆಂಗ ಕಡೀಬೇಕಂತ ನಮ್ಮವ್ವಗ ಗೊತ್ತೈತ್ರಿ. ದಂಡಿ ಎಲ್ಲಿ ಕುಸೀತೈತಿ ಅನ್ನೂದೂ ಗೊತ್ತೈತಿ. ಆದ್ರ ಹೇಳಿ ಕಳಸಿದ್ರ ಬರೂದಿಲ್ರಿ. ನೀವ ಮನಿತನಕ ಬಂದ ಕರೀಬೇಕು."

ಅಧ್ಯಕ್ಷರು ಕೈಗೆ ಮೆತ್ತಿದ್ದ ಬಿಳಿ ಪುಡಿಯನ್ನು ಟವೆಲ್ಲಿಗೆ ಒರೆಸಿಕೊಂಡರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ತಲೆ ಎತ್ತದೆ, "ನಿಮ್ಮ ಮನಿ ಯಾವ ಓಣ್ಯಾಗ ಐತಿ?" ಎಂದು ಅವಳನ್ನೇ ಕೇಳಿದರು.